ಒಂದು ಸೆಮಿಸ್ಟರ್ ಅಮಾನತು

ಜೈಭೀಮ ಅಬ್ರಾರನ ದವಡೆ ಮುರಿದದ್ದು ಮಟಮಟ ಮಧ್ಯಾಹ್ನ, ಸಿವಿಲ್ ವಿಭಾಗದ ಮೆಟ್ಟಿಲುಗಳ ಮೇಲೆ, ಎಲ್ಲರೂ ನೋಡುತ್ತಿದ್ದಂತೆಯೇ. ಮೊದಲ ಏಟು ಬಿದ್ದಾಗ ಅದು ಜಗಳವೆಂದು ಯಾರಿಗೂ ಅನಿಸಲಿಲ್ಲ. ಎರಡು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತವರು, ಕ್ಯಾಂಟೀನಿನಲ್ಲಿ ಒಂದೇ ತಟ್ಟೆಯಿಂದ ಮಂಡಕ್ಕಿ ಸೂಸಲಾ ತಿಂದವರು. ಚೇಷ್ಟೆ ಇರಬೇಕೆಂದು ಒಬ್ಬಿಬ್ಬರು ನಕ್ಕರು ಕೂಡ. ಎರಡನೆಯ ಏಟಿಗೆ ಅಬ್ರಾರನ ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಮೂರನೆಯದಕ್ಕೆ ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು ಬಂತು. ನಗು ನಿಂತಿತು. ಜೈಭೀಮನ ಕೈ ಮಾತ್ರ ನಿಲ್ಲಲಿಲ್ಲ. ಕೆಳಗೆ ಬಿದ್ದವನ ಎದೆಯ ಮೇಲೆ ಕೂತು ಹೊಡೆಯುತ್ತಲೇ ಇದ್ದ.

"ನೀನಾ ಹೇಳಿದ್ದು? ಹೇಳಲೇ, ನೀನಾ ಹೇಳಿದ್ದು?"

ಅಬ್ರಾರ್ ಉತ್ತರ ಕೊಡಲು ನೋಡಿದ. ಬಾಯಿ ತೆರೆದರೆ ರಕ್ತ ಬಂತೇ ಹೊರತು ಮಾತು ಬರಲಿಲ್ಲ. ಕಾವಲುಗಾರರು ಓಡಿಬಂದು ಜೈಭೀಮನನ್ನು ಕಂಕುಳಿಗೆ ಕೈಹಾಕಿ ಎಳೆದರು. ಅವನು ಅವರನ್ನೂ ಕೊಡವಿಕೊಂಡು ಗೇಟಿನತ್ತ ಓಡಿದ. ಹಿಂತಿರುಗಿ ನೋಡಲಿಲ್ಲ.

ಜೈಭೀಮ ಕಮಲಾಪುರದ ಪೀರಪ್ಪನ ಮಗ. ಪೀರಪ್ಪ ಅಲ್ಲಿನ ಧಾನ್ಯದ ಅಡತಿ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲ; ತಾಯಿ ಪುತಳಾಬಾಯಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಗ ಎಂಜಿನಿಯರ್ ಆಗುತ್ತಾನೆಂಬುದು ಅವರ ಓಣಿಗೆಲ್ಲ ಗೊತ್ತಿತ್ತು. ಕಬಡ್ಡಿಯಲ್ಲಿ ಅವನು ರೈಡಿಗೆ ಹೊರಟರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಪುಸ್ತಕ ತೆರೆದಾಗ ಮಾತ್ರ ಹಿಂದೆ ಸರಿಯುವವನು ಅವನೇ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವನಿಗೆ ಕಲಬುರಗಿಯ ವಿಶ್ವವಿದ್ಯಾಲಯದ ಇಂಗ್ಲಿಷ್ ಪಾಠಗಳು ಗೋಡೆಯ ಆಚೆ ಯಾರೋ ಮಾತಾಡಿದಂತೆ ಕೇಳುತ್ತಿದ್ದವು. ಮೂರನೆಯ ಸೆಮಿಸ್ಟರಿನಲ್ಲಿ ಅವನ ಗ್ರೇಡ್ ಸರಾಸರಿ ಹತ್ತಕ್ಕೆ ಐದರ ಕೆಳಗೆ ಇಳಿಯಿತು. ಐದರ ಕೆಳಗೆ ಇಳಿದವರನ್ನು ಪ್ರೊಬೇಷನ್‌ನಲ್ಲಿ ಇಡುವುದು ಅಲ್ಲಿಯ ನಿಯಮ. ಅಂದರೆ ಮುಂದಿನ ಸೆಮಿಸ್ಟರ್ ಪೂರ್ತಿ ಅವರ ಮೇಲೆ ಕಣ್ಣು. ವಾರಕ್ಕೊಮ್ಮೆ ಓದಿನಲ್ಲಿ ಮುಂದಿರುವ ವಿದ್ಯಾರ್ಥಿಯ ಹತ್ತಿರ ಕೂತು ಕಲಿಯಬೇಕು. ಆಗಲೂ ಮೇಲೇಳದಿದ್ದರೆ ಅಮಾನತು.

ಜೈಭೀಮನಿಗೆ ಕಲಿಸಲು ಸಿಕ್ಕವನು ಅಬ್ರಾರ್.

"ನಾನೇ ಕೇಳ್ಕೊಂಡೀನಿ," ಎಂದಿದ್ದ ಅಬ್ರಾರ್ ಖುಷಿಯಿಂದ. "ಬ್ಯಾರೇದವರ ಹತ್ರ ನೀ ಬಾಯಿ ಬಿಡಂಗಿಲ್ಲ. ನನ್ನ ಹತ್ರ ಬೈದರೂ ನಡೀತದ."

ಆ ಮಾತೇ ಜೈಭೀಮನಿಗೆ ಚುಚ್ಚಿತು. ನಿನ್ನೆಯವರೆಗೆ ಗೆಳೆಯನಾದವನು ಇಂದು ಮಾಸ್ತರ. ಮೊದಲ ವಾರ ಹೋದ. ಅಬ್ರಾರ್ ಒಂದು ಲೆಕ್ಕವನ್ನು ಮತ್ತೆ ಮತ್ತೆ, ಬೇಸರವಿಲ್ಲದೆ ಹೇಳಿಕೊಟ್ಟ. ಆ ಬೇಸರವಿಲ್ಲದ ದನಿಯನ್ನೇ ಜೈಭೀಮನಿಗೆ ತಡೆಯಲಾಗಲಿಲ್ಲ. ಆಮೇಲೆ ಪ್ರಾಕ್ಟೀಸ್ ಇದೆಯೆಂದ, ಜ್ವರವೆಂದ, ಕೊನೆಗೆ ಏನನ್ನೂ ಹೇಳುವುದನ್ನೇ ಬಿಟ್ಟ. ಅಬ್ರಾರ್ ಫೋನ್ ಮಾಡಿದರೆ ಎತ್ತಲಿಲ್ಲ. ಹಾಸ್ಟೆಲಿಗೆ ಹುಡುಕಿಕೊಂಡು ಬಂದರೆ ಹಿಂದಿನ ಬಾಗಿಲಿನಿಂದ ಮೈದಾನಕ್ಕೆ ಹೋಗುತ್ತಿದ್ದ.

ನಾಲ್ಕನೆಯ ಸೆಮಿಸ್ಟರಿನ ಫಲಿತಾಂಶ ಬಂದ ದಿನ ವಿಭಾಗದ ಮುಖ್ಯಸ್ಥ ದತ್ತಪ್ಪ ಸರ್ ಅವನನ್ನು ಕೋಣೆಗೆ ಕರೆಸಿದರು.

"ಕಲಿಸೋರ ಹತ್ರ ಯಾಕ ಹೋಗಲಿಲ್ಲಪ್ಪ?"

"ಹೋಗೀನ್ರೀ ಸರ್. ಪ್ರತಿ ವಾರ ಹೋಗೀನಿ."

"ಅಬ್ರಾರ್ ಹಂಗಂದಿಲ್ಲ. ಒಮ್ಮೆ ಬಂದಾನ, ಆಮ್ಯಾಲ ಬಂದಿಲ್ಲ ಅಂದಾನ." ದತ್ತಪ್ಪ ಸರ್ ಆದೇಶದ ಪ್ರತಿಯನ್ನು ಅವನತ್ತ ಸರಿಸಿದರು. "ಅಮಾನತಾಗೇದಪ್ಪ. ಪೂರ್ತಿ ಓದು, ಆಮ್ಯಾಲ ಕುಂತು ಮಾತಾಡೂಣು."

ಜೈಭೀಮ ಪೂರ್ತಿ ಓದಲಿಲ್ಲ. ಅಮಾನತು ಎಂಬಲ್ಲಿಗೆ ಅವನ ಕಣ್ಣು ನಿಂತಿತು. ಕಾಗದವನ್ನು ಮಡಚಿ ಕಿಸೆಗೆ ತುರುಕಿ ಹೊರಗೆ ಬಂದರೆ, ಮೆಟ್ಟಿಲ ಮೇಲೆ ಅವನಿಗಾಗಿಯೇ ಕಾಯುತ್ತಿದ್ದ ಅಬ್ರಾರ್ ಎದ್ದು ನಿಂತ. "ಭೀಮ್ಯಾ, ಏನಂದ್ರೋ ಸರ್?" ಎಂದು ಕೇಳಿದ. ಅದಕ್ಕೆ ಉತ್ತರವಾಗಿ ಬಿದ್ದದ್ದೇ ಮೊದಲ ಏಟು.

ಕಮಲಾಪುರದ ಬಸ್ಸಿನಲ್ಲಿ ಅವನು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಿದ್ದ. ಗೆಣ್ಣುಗಳು ಒಡೆದು ಊದಿದ್ದವು. ಒಂದು ಗೆಣ್ಣಿನಲ್ಲಿ ಅಬ್ರಾರನ ಹಲ್ಲು ಕುಯ್ದ ಗಾಯ. ಬಸ್ಸು ಊರು ಮುಟ್ಟುವವರೆಗೂ ತನ್ನದೇ ಸರಿ ಎಂದು ಮನಸ್ಸಿನಲ್ಲೇ ವಾದ ಮಾಡಿದ. ಗೆಳೆಯನಾದವನು ಒಂದು ಸುಳ್ಳು ಹೇಳಬಾರದಿತ್ತೇ? ಒಂದೇ ಒಂದು ಸುಳ್ಳು?

ಮನೆಯಲ್ಲಿ ಪೀರಪ್ಪ ಆಗಷ್ಟೇ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ. ಅಮಾನತಿನ ಮಾತು ಕೇಳಿ ಅವನು ಸಿಟ್ಟಾಗಲಿಲ್ಲ. ಚೊಂಬನ್ನು ಕೆಳಗಿಟ್ಟ. ಆಮೇಲೆ ಮಗನ ಕೈ ನೋಡಿದ.

"ಇದೇನಿದು?"

"ಅಬ್ರಾರ್‌ಗ ಹೊಡದೆ. ಅವನೇ ಸರ್‌ಗ ಹೇಳ್ಯಾನ, ನಾ ಹೋಗಿಲ್ಲಂತ."

"ನೀ ಹೋಗಿದ್ದೇನು?"

ಜೈಭೀಮ ಊದಿದ ಕೈಯನ್ನು ಬೆನ್ನ ಹಿಂದೆ ಒಯ್ದ.

ಪೀರಪ್ಪನ ಕೈಗೆ ಚಪ್ಪಲಿ ಬಂತು. ಹೊಟ್ಟೆಗೆ, ಬೆನ್ನಿಗೆ, ಮುಖಕ್ಕೆ, ಎಲ್ಲಿ ಸಿಕ್ಕಿತೋ ಅಲ್ಲಿ ಬಾರಿಸಿದ. ಮೊಣಕಾಲೂರಿ ಬಿದ್ದ ಮಗನ ಕೂದಲು ಹಿಡಿದು ಎತ್ತಿ ಮತ್ತೆ ಬಾರಿಸಿದ. "ಈ ಹೆಸರು ನಿನಗ ಯಾಕ ಇಟ್ಟೀನಿ ಗೊತ್ತದನು? ಓದಲಿ ಅಂತ! ಖರೆ ಹೇಳಿದವರ ಬಾಯಿ ಮುರೀಲಿ ಅಂತಲ್ಲ!" ಪುತಳಾಬಾಯಿ ನಡುವೆ ನುಗ್ಗಿದಳು. ಒಂದು ಏಟು ಅವಳ ಮೊಣಕೈಗೂ ಬಿತ್ತು. ಆಗ ಪೀರಪ್ಪ ಚಪ್ಪಲಿ ಎಸೆದು, ಏದುಸಿರು ಬಿಡುತ್ತ ಗೋಡೆಗೆ ಒರಗಿದ.

ಅಬ್ರಾರ್ ಆ ಮನೆಗೆ ಹೊಸಬನಲ್ಲ. ರಜೆಯಲ್ಲಿ ಬಂದು ಪುತಳಾಬಾಯಿಯ ಕೈಯ ಜೋಳದ ರೊಟ್ಟಿ, ಝುಣಕ ಉಂಡು ಹೋದವನು. ಅವಳನ್ನು ಅಮ್ಮಿ ಎಂದು ಕರೆಯುತ್ತಿದ್ದ. ಅವಳು ಮಗನ ಮುಖದ ರಕ್ತ ಒರೆಸುತ್ತ ಒಂದೇ ಮಾತು ಕೇಳಿದಳು:

"ಆ ಹುಡುಗ ಹ್ಯಾಂಗ ಅದಾನೋ?"

ಜೈಭೀಮನಿಗೆ ಗೊತ್ತಿರಲಿಲ್ಲ. ಕೆಳಗೆ ಬಿದ್ದವನು ಎದ್ದನೋ ಇಲ್ಲವೋ ಎಂದು ಕೂಡ ಅವನು ನೋಡಿರಲಿಲ್ಲ.

ಮರುದಿನ ಮೈಮುರಿಯುವ ನೋವಿನಲ್ಲೇ ಅವನು ಕಿಸೆಯ ಕಾಗದ ಬಿಡಿಸಿ ಓದಿದ. ಅಮಾನತು ಒಂದೇ ಸೆಮಿಸ್ಟರಿಗೆ. ಆ ಅವಧಿಯಲ್ಲಿ, ಪಾಸಾಗದೆ ಉಳಿದ ವಿಷಯಗಳ ಪರೀಕ್ಷೆ ಬರೆದು ಪಾಸಾಗಬಹುದು. ಆಮೇಲೆ ಅರ್ಜಿ ಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಹಾಸ್ಟೆಲ್ ಕೂಡ ಕೊಡುತ್ತಾರೆ. ಅವನನ್ನು ಹೊರಗೆ ಹಾಕಿರಲಿಲ್ಲ. ಸ್ವಲ್ಪ ದಿನ ಹೊರಗೆ ನಿಂತು, ಸುಧಾರಿಸಿಕೊಂಡು ಬಾ ಎಂದಿದ್ದರು, ಅಷ್ಟೇ. ಅವನು ಅದನ್ನು ಓದಿ ಮುಗಿಸುವ ಹೊತ್ತಿಗೆ, ಗೆಳೆಯನೊಬ್ಬನ ಫೋನು ಬಂತು. ಅಬ್ರಾರನ ದವಡೆ ಎರಡು ಕಡೆ ಮುರಿದಿದೆ, ತಂತಿ ಹಾಕಿ ಕಟ್ಟಿದ್ದಾರೆ, ಪೊಲೀಸರಿಗೆ ದೂರು ಹೋಗಿದೆ.

"ನಾ ಹೋಗಿ ಠಾಣೇದಾಗ ಕುಂದರ್ತೀನಿ," ಎಂದ ಜೈಭೀಮ.

"ನಾಳೆ ಸಂತಿ. ಎರಡು ಲಾರಿ ಬರ್ತಾವ," ಎಂದ ಪೀರಪ್ಪ, ಮುಖ ನೋಡದೆ. "ಮಧ್ಯಾನ ನಾನೂ ಬರ್ತೀನಿ, ಕೂಡೇ ಹೋಗೂಣು."

ಆದರೆ ಶಬ್ಬೀರ್ ಮಧ್ಯಾಹ್ನದವರೆಗೆ ಕಾಯಲಿಲ್ಲ.

ಶಬ್ಬೀರ್ ಅಬ್ರಾರನ ಅಣ್ಣ. ಕಲಬುರಗಿಯ ಕೋಟೆಯ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟವನು. ತಂದೆ ಹೋದ ಮೇಲೆ ತಾನು ಶಾಲೆ ಬಿಟ್ಟು ತಮ್ಮನನ್ನು ಓದಿಸಿದ್ದ. ಸಂತೆಯ ದಿನ ಬೆಳಿಗ್ಗೆ ಬೈಕಿನಲ್ಲಿ ಒಬ್ಬನೇ ಕಮಲಾಪುರಕ್ಕೆ ಬಂದ. ಬಸ್ ನಿಲ್ದಾಣದ ಬದಿಗೆ ಕೆಂಪು ಬಾಳೆಗೊನೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಜೈಭೀಮ ತಂದೆಗೆ ಚಹಾ ತರಲು ಅತ್ತ ಬಂದಿದ್ದ. ಶಬ್ಬೀರನನ್ನು ಕಂಡಕೂಡಲೇ ಅವನಿಗೆ ಗುರುತು ಸಿಕ್ಕಿತು. ಓಡಲಿಲ್ಲ.

"ಮೇರೆ ಭಾಯಿಕು ಕೈಕು ಮಾರ್ಯಾ ರೇ?" ಶಬ್ಬೀರ್ ಬೈಕಿನಿಂದ ಇಳಿಯುತ್ತಲೇ ಕೂಗಿದ. "ನನ್ನ ತಮ್ಮ ಪೈಪಿನಾಗ ನೀರು ಕುಡ್ಯಾಕತ್ತಾನ. ಯಾಕ ಹೊಡದಿ, ಹೇಳು!"

"ತಪ್ಪಾಗೇದ, ಭಾಯಿ," ಎಂದ ಜೈಭೀಮ.

ಶಬ್ಬೀರ್ ಬೈಕಿಗೆ ಸಿಕ್ಕಿಸಿದ್ದ ಕಬ್ಬಿಣದ ಸಲಾಕೆ ಎಳೆದ. ಮೊದಲ ಹೊಡೆತ ಭುಜಕ್ಕೆ ಬಿತ್ತು. ಎರಡನೆಯದು ಬಲಗೈ ಮಣಿಕಟ್ಟಿಗೆ. ಎಲುಬು ಒಳಗೇ ಪುಡಿಯಾದದ್ದು ಜೈಭೀಮನಿಗೆ ತಿಳಿಯಿತು. ಕಣ್ಣಿಗೆ ಕತ್ತಲೆ ಬಂತು. ಅವನು ಬಾಳೆಗೊನೆಗಳ ಮೇಲೆ ಕುಸಿದ. ಕೈ ಎತ್ತಲಿಲ್ಲ.

ಗೊನೆಗಳ ವ್ಯಾಪಾರಿ ಗುಂಡಣ್ಣ ಬಾಯಿ ಮಾಡಿದ. "ಏ ಬರ್ರೋ! ನಮ್ಮೂರಿಗೆ ಬಂದು ನಮ್ಮ ಹುಡುಗನ್ನ ಕೊಲ್ಲಾಕತ್ತಾನ! ಹಿಡೀರಿ ಅವನ್ನ!"

ಸಂತೆ ಒಮ್ಮೆಗೇ ಇತ್ತ ತಿರುಗಿತು. ಯಾರೋ ಹಿಂದಿನಿಂದ ಶಬ್ಬೀರನ ಕಾಲು ಎಳೆದರು. ಸಲಾಕೆ ಕೈ ಬದಲಾಯಿತು. ಯಾಕೆ, ಏನು ಎಂದು ಕೇಳಿದವರಿಲ್ಲ. ಅವನ ಹೆಸರೇನೆಂದು ಒಬ್ಬ ಕೂಗಿ ಕೇಳಿದ. ಇನ್ನೊಬ್ಬ ಹೆಸರಿಗೆ ಬದಲು ಬೈಗುಳ ಕೂಗಿದ. ಅದಾದ ಮೇಲೆ ಹೊಡೆತಗಳ ದನಿಯೇ ಬೇರೆಯಾಯಿತು. ತಕ್ಕಡಿಯ ಕಲ್ಲು, ಬಾಳೆ ಕೊಯ್ಯುವ ಕುಡುಗೋಲಿನ ಹಿಡಿ, ಬೂಟುಗಾಲು. ಶಬ್ಬೀರ್ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮಣ್ಣಿನಲ್ಲಿ ಮುದುಡಿದ. ಅವನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

ಜೈಭೀಮನಿಗೆ ಆ ಮುದುಡಿದ ಮೈ ಕಂಡಿತು. ಮೆಟ್ಟಿಲ ಮೇಲೆ ತಾನು ನೋಡದೆ ಬಂದದ್ದು ಇದನ್ನೇ ಎಂದು ಅವನಿಗೆ ಅನಿಸಿತು. ಜೋತುಬಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದ. ಕಾಲುಗಳ ಸಂದಿಯಲ್ಲಿ ನುಗ್ಗಿ ಶಬ್ಬೀರನ ಮೇಲೆ ಅಡ್ಡ ಬಿದ್ದ. ಅವನಿಗೆಂದು ಎತ್ತಿದ ಸಲಾಕೆ ಜೈಭೀಮನ ಬೆನ್ನಿಗೆ ಬಿತ್ತು. ಒಂದು ಬೂಟುಗಾಲು ಪಕ್ಕೆಲುಬಿಗೆ ಬಿತ್ತು.

"ಬಿಡ್ರೋ!" ಅವನು ಕಿರುಚಿದ. "ನಾನು ಇವನ ತಮ್ಮನ ದವಡಿ ಮುರದೀನಿ! ತಪ್ಪು ನಂದದ! ಇವನ್ನ ಹೊಡೀಬೇಕಂದ್ರ ಮೊದಲ ನನ್ನ ಕೊಲ್ರಿ!"

ಅಷ್ಟರಲ್ಲಿ ಗದ್ದಲ ಕೇಳಿ ಪೀರಪ್ಪ ಇತರ ಹಮಾಲರನ್ನು ಕರೆದುಕೊಂಡು ಓಡಿಬಂದ. ಚೀಲ ಹೊತ್ತು ಗಟ್ಟಿಯಾದ ಹೆಗಲುಗಳಿಂದ ಅವರು ಗುಂಪನ್ನು ನೂಕಿದರು. ಸಲಾಕೆ ಹಿಡಿದವನ ಮೂತಿಗೆ ಪೀರಪ್ಪ ಒಂದು ಗುದ್ದು ಕೊಟ್ಟು ಅದನ್ನು ಕಿತ್ತುಕೊಂಡ. ಗುಂಡಣ್ಣ ಇನ್ನೂ ಕೂಗುತ್ತಲೇ ಇದ್ದ. "ನಿನ್ನ ಮಗನ ಸಲುವಾಗೇ ಹೊಡದೀವಲ್ಲೋ, ಪೀರಪ್ಪ!"

"ನನ್ನ ಮಗನ ಸಲುವಾಗಿ ಯಾರೂ ಯಾರನ್ನೂ ಹೊಡೀಬ್ಯಾಡ್ರಿ," ಎಂದ ಪೀರಪ್ಪ.

ಇಬ್ಬರನ್ನೂ ಒಂದೇ ಅಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು. ಊರು ಹತ್ತಿರವಾದಾಗ ಶಬ್ಬೀರ್ ಕಣ್ಣು ತೆರೆದು ಪಕ್ಕದವನನ್ನು ನೋಡಿದ. "ನಿನ್ನ ಕೈ ಮುರದದ್ದಕ್ಕ ನನಗ ದುಃಖ ಇಲ್ಲ," ಎಂದ. "ಖರೆ, ನೀ ಅಡ್ಡ ಬೀಳಲಿಲ್ಲಂದ್ರ ನಾ ಇರ್ತಿದ್ದಿಲ್ಲ," ಎಂದು ಮತ್ತೆ ಕಣ್ಣು ಮುಚ್ಚಿಕೊಂಡ.

ಆಸ್ಪತ್ರೆಗೇ ಬಂದ ಪೊಲೀಸರಿಗೆ ಜೈಭೀಮ ನಡೆದದ್ದನ್ನು ನಡೆದಂತೆ ಹೇಳಿದ. ತನ್ನ ಮೇಲೆ ಕೇಸಾಯಿತು, ಶಬ್ಬೀರನ ಮೇಲೂ ಆಯಿತು, ಸಂತೆಯಲ್ಲಿ ಹೊಡೆದ ಕೆಲವರ ಮೇಲೂ ಆಯಿತು. ಗುಂಡಣ್ಣ ಅಂದಿನಿಂದ ಪೀರಪ್ಪನ ಜೊತೆ ಮಾತು ಬಿಟ್ಟ.

ಪ್ಲಾಸ್ಟರು ಬಿಚ್ಚುವ ಮೊದಲೇ ವಿಶ್ವವಿದ್ಯಾಲಯದ ಶಿಸ್ತು ಸಮಿತಿ ಅವನನ್ನು ಕರೆಯಿತು. ಉದ್ದ ಮೇಜಿನ ಆಚೆ ದತ್ತಪ್ಪ ಸರ್ ಇದ್ದರು. ಈಚೆ ಕುರ್ಚಿಯಲ್ಲಿ ಅಬ್ರಾರ್ ಕೂತಿದ್ದ. ತಂತಿ ತೆಗೆದಿದ್ದರು, ಮುಖ ಮಾತ್ರ ಒಂದು ಬದಿಗೆ ವಾಲಿತ್ತು.

"ಮಾರ್ಕ್ಸಿಗೆ ಅಮಾನತಾದವರು ವಾಪಸ್ ಬರಾಕ ಬಾಗಲ ಇಟ್ಟೀವಿ," ಎಂದರು ದತ್ತಪ್ಪ ಸರ್. "ನೀ ಆ ಬಾಗಲ ನೋಡಲೇ ಇಲ್ಲಪ್ಪ." ಹೊಡೆದದ್ದಕ್ಕೆ ಎರಡು ವರ್ಷ ಹೊರಗೆ ಎಂದು ಸಮಿತಿ ತೀರ್ಮಾನಿಸಿತು. ಪೂರ್ತಿ ಹೆಸರು ಕಿತ್ತುಹಾಕಬೇಕೆಂದವರೂ ಇದ್ದರು. ಹೊಡೆಸಿಕೊಂಡವನ ಅಭಿಪ್ರಾಯವೇನೆಂದು ಒಬ್ಬರು ಕೇಳಿದರು.

ಅಬ್ರಾರ್ ನಿಧಾನಕ್ಕೆ, ಒಂದೊಂದೇ ಅಕ್ಷರ ಅಗಿಯುವವನಂತೆ ಹೇಳಿದ. "ಅವನ ಹೆಸರು ತೆಗೀಬ್ಯಾಡ್ರಿ. ಓದಲಿ."

ಹೊರಗೆ ಕಾರಿಡಾರಿನಲ್ಲಿ ಜೈಭೀಮ ಅವನ ಹಿಂದೆ ಓಡಿದ. "ಅಬ್ರಾರ್, ಮಾಫ್ ಮಾಡೋ."

ಅಬ್ರಾರ್ ನಿಂತ. ಅವನ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಅಂಜಿಕೆ. ಜೈಭೀಮ ಹತ್ತಿರ ಬಂದಂತೆ ಅವನು ಗೋಡೆಗೆ ಸರಿದ, ತನಗೇ ತಿಳಿಯದಂತೆ ಕೈ ಮುಖಕ್ಕೆ ಅಡ್ಡ ತಂದ. ಅದನ್ನು ಕಂಡು ಜೈಭೀಮ ಅಲ್ಲೇ ನಿಂತ.

"ಒಳಗ ಹೇಳಿದ್ದು ಖರೆನೇ," ಎಂದ ಅಬ್ರಾರ್. "ಆದ್ರ ನನ್ನ ಹತ್ರ ಬರಬ್ಯಾಡ, ಭೀಮ್ಯಾ. ನನಗ ಆಗಂಗಿಲ್ಲ."

ಅವನು ಹೋದ. ಜೈಭೀಮ ಅವನ ಹಿಂದೆ ಹೋಗಲಿಲ್ಲ.

ಗೇಟಿನ ಹೊರಗೆ ಬೇವಿನ ನೆರಳಲ್ಲಿ ಪೀರಪ್ಪ ಕಾಯುತ್ತಿದ್ದ. "ಏನಂದ್ರು?"

"ಎರಡು ವರ್ಷ."

"ಆಮ್ಯಾಲ?"

"ಅರ್ಜಿ ಹಾಕಬಹುದಂತ."

ಪೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಹಾಕ್ತಿಯೇನು?"

"ಹಾಕ್ತೀನಪ್ಪ."

ಕಮಲಾಪುರದ ಬಸ್ಸು ತುಂಬಿ ಬಂತು. ಪೀರಪ್ಪ ಮೊದಲು ಹತ್ತಿ, ಮಗನ ನೋಯುವ ಕೈಗೆ ಯಾರೂ ತಾಗದಂತೆ ತನ್ನ ಬೆನ್ನು ಅಡ್ಡ ಕೊಟ್ಟು ನಿಂತ.