ಉಸಿರು ಕಾಯ್ದ ತಿದಿ

ನಾನು ಗೇಣುದ್ದದ ಒಂದು ರಬ್ಬರ್ ತಿದಿ. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ. ಎಂ.ಆರ್.ಐ. ಯಂತ್ರದೊಳಗೆ ಮಲಗಿದವರ ಹೊಟ್ಟೆಗೆ ನನ್ನನ್ನು ಪಟ್ಟಿಯಿಂದ ಬಿಗಿಯುತ್ತಾರೆ; ಅದರ ಏರಿಳಿತಕ್ಕೆ ನಾನು ಹಿಗ್ಗಿ ಕುಗ್ಗುತ್ತೇನೆ. ಉಸಿರಾಟಕ್ಕೆ ಹೊಟ್ಟೆ ಅಲುಗಿದರೆ ರಕ್ತನಾಳಗಳ ಚಿತ್ರ ಕಲಸಿಹೋಗುತ್ತದೆ. ಉಸಿರು ಪೂರ್ತಿ ಹೊರಹೋಗಿ ಹೊಟ್ಟೆ ಅಲುಗದೆ ನಿಲ್ಲುವ ಗಳಿಗೆಯನ್ನು ಯಂತ್ರಕ್ಕೆ ತಿಳಿಸುವುದು ನನ್ನ ಕೆಲಸ. ಅದು ಆಗ ಮಾತ್ರ ಚಿತ್ರ ಹಿಡಿಯುತ್ತದೆ.

ಯಂತ್ರ ನಡೆಸುತ್ತಿದ್ದವಳು ಪ್ರೇಮಲತಾ. ನನ್ನ ಮೊದಲ ಬಿರುಕಿಗೆ ಅವಳೇ ತೇಪೆ ಹಾಕಿದ್ದಳು.

ಆ ವರ್ಷವೇ ತಿರಕವ್ವ ಬಂದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸು. ಕಾಲು, ಮುಖವೆಲ್ಲ ಬಾತಿದ್ದವು. ಮೂತ್ರಪಿಂಡದ ರಕ್ತನಾಳ ಕಟ್ಟಿಕೊಂಡಿರಬಹುದು, ಎಲ್ಲಿ ಎಂದು ಗೊತ್ತಾದರೆ ಬಿಡಿಸಬಹುದು ಎಂದಿದ್ದರು ವೈದ್ಯರು. ನಾಳ ಎದ್ದುಕಾಣಲೆಂದು ಚುಚ್ಚುವ ಔಷಧಿ ಅವಳ ಸೋತ ಮೂತ್ರಪಿಂಡಕ್ಕೆ ಅಪಾಯ. ಔಷಧಿಯಿಲ್ಲದೆ ಚಿತ್ರ ಹಿಡಿಯಲು ಇದ್ದದ್ದು ಇದೊಂದೇ ದಾರಿ. ಎರಡು ಸಲ ಮಲಗಿಸಿದರೂ ಅವಳು ಹೆದರಿ ಏದುಸಿರು ಬಿಟ್ಟದ್ದರಿಂದ ಚಿತ್ರ ಮಸುಕಾಗಿತ್ತು.

ಮೂರನೆಯ ಸಲ ಅವಳು ಅತ್ತಳು. "ನಂಗ ಉಸಿರು ಹಿಡಿಯಾಕ ಆಗವಲ್ದು, ತಂಗೆವ್ವ."

"ಹಿಡೀಬ್ಯಾಡ ಅಕ್ಕಾ," ಎಂದು ಪ್ರೇಮಲತಾ ಅವಳ ಕೈ ಹಿಡಿದಳು. "ರೊಟ್ಟಿ ಬಡೀವಾಗ ಹ್ಯಾಂಗ ಬಿಡ್ತೀಯೋ, ಹಂಗ ಬಿಡು. ನಂಗೇನೂ ಅವಸರಿಲ್ಲ."

ತಿರಕವ್ವ ಕಣ್ಣು ಮುಚ್ಚಿದಳು. ಅವಳ ಬೆರಳುಗಳು ಹಾಸಿಗೆಯ ಮೇಲೆ ಮೆಲ್ಲಗೆ ತಟ್ಟತೊಡಗಿದವು. ಸ್ವಲ್ಪ ಹೊತ್ತಿಗೆ ಬೆರಳೂ ನಿಂತು ಉಸಿರು ಹದಕ್ಕೆ ಬಂತು. ಒಂದೊಂದು ಉಸಿರಿನ ಕೊನೆಯನ್ನೂ ನಾನು ತಪ್ಪದೆ ತಿಳಿಸಿದೆ.

ಚಿತ್ರ ಸ್ಪಷ್ಟವಾಗಿ ಬಂತು. ಅದನ್ನು ನೋಡಿದ ಪ್ರೇಮಲತಾ ಒಳಗಿನ ಕೋಣೆಯಲ್ಲಿದ್ದ ವೈದ್ಯರನ್ನು ಕರೆದಳು. ಅವರು ಬಹಳ ಹೊತ್ತು ನೋಡಿದರು. "ಎರಡೂ ಕಡೆ ನಾಳ ಪೂರ್ತಿ ಮುಚ್ಚ್ಯಾವ. ಮೂತ್ರಪಿಂಡಾನೂ ಸುಕ್ಕಿ ಹೋಗ್ಯಾವ. ಇನ್ನ ಬಿಡಿಸಿ ಉಪಯೋಗಿಲ್ಲ. ನಾಳೆ ನಾನ ಅವರಿಗೆ ಹೇಳ್ತೀನಿ," ಎಂದರು, ತಿರಕವ್ವನಿಗೆ ಕೇಳದಂತೆ ತಗ್ಗಿದ ದನಿಯಲ್ಲಿ.

ಬಾಗಿಲಲ್ಲಿ ತಿರಕವ್ವನ ಗಂಡ ಯಲ್ಲಪ್ಪ ಕಾಯುತ್ತಿದ್ದ. "ಈ ಸಲ ಚಲೋ ಬಂತೇನ್ರಿ ಅಕ್ಕಾರ?"

ಪ್ರೇಮಲತಾಳಿಗೆ ಸುಳ್ಳು ಹೇಳಲಾಗಲಿಲ್ಲ, ನಿಜವನ್ನೂ ಹೇಳುವಂತಿರಲಿಲ್ಲ. "ಚಿತ್ರ ಚಲೋ ಬಂದೈತ್ರಿ," ಎಂದಳು.

ಅವನು ಹಿಗ್ಗಿ ಒಳಗೋಡಿದ. "ಚಲೋ ಬಂದೈತಂತ ನೋಡ!" ನನ್ನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ತಿರಕವ್ವ ನಕ್ಕಳು, ಅವಳ ನಗೆ ನನ್ನನ್ನು ಮೂರು ಸಲ ಕುಲುಕಿಸಿತು.

ಚಳಿಗಾಲ ಕಳೆಯುವ ಮೊದಲೇ ಅವಳು ತೀರಿಕೊಂಡ ಸುದ್ದಿ ಬಂತು. ಮುಂದೆ ನನ್ನ ಮೈ ಇನ್ನೆರಡು ಕಡೆ ಬಿರಿಯಿತು. ಬಳಿಕ ಬಂದ ಹೊಸ ಯಂತ್ರದ ಹಾಸಿಗೆಯೇ ಉಸಿರನ್ನು ಗುರುತಿಸುತ್ತದೆ. ನಾನೀಗ ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ.

ನಾನು ಕೆಲಸದಲ್ಲಿ ತಪ್ಪಿದವನಲ್ಲ. ಆದರೂ ಅನಿಸುತ್ತದೆ: ಅಂದು ಒಂದಿಷ್ಟು ತಪ್ಪಿ ಚಿತ್ರ ಮಸುಕಾಗಿದ್ದರೆ, ಮುಂದಿನ ಸರದಿಯವರೆಗೆ ಆ ಇಬ್ಬರೂ ಇನ್ನೊಂದು ವಾರ ಆಸೆಯಿಂದ ಇರುತ್ತಿದ್ದರು.