ದೊಡ್ಡ ಮೇಷ್ಟ್ರ ಚಕ್ಕಳಮಕ್ಕಳ

ದೊಡ್ಡ ಮೇಷ್ಟ್ರು ಅಂದರೆ ಈಗಲೂ ಅವನಿಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಕಾಲು. ಕಾರು ಕಲಿಸಲು ಪಕ್ಕದ ಸೀಟಿನಲ್ಲಿ ಕೂತರೋ ಇಲ್ಲವೋ, ಆ ಮಹಾನುಭಾವರು ಚಪ್ಪಲಿ ಬಿಚ್ಚಿ ಹಿಂದಕ್ಕೆ ಎಸೆದು, ಎರಡೂ ಕಾಲು ಮೇಲೆಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಬಿಡುತ್ತಿದ್ದರು. ಅಲ್ಲ, ಅವರ ಕಾಲ ಬುಡದಲ್ಲಿ ಮೇಷ್ಟ್ರಿಗೆಂದೇ ಜೋಡಿಸಿದ ಇನ್ನೊಂದು ಬ್ರೇಕು ಇತ್ತು. ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲಿ ಅಂತಲೇ ಅದನ್ನು ಇಟ್ಟಿದ್ದು. ಅವರೋ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಂದು ಕೈ ಮಾತ್ರ ಹ್ಯಾಂಡ್‌ಬ್ರೇಕಿನ ಮೇಲೆ ಇರುತ್ತಿತ್ತು. "ಹೊರಡಪ್ಪಾ" ಅನ್ನುತ್ತಿದ್ದರು, ಅಷ್ಟೆ. ಕಲಿಯುವವರ ಜೀವ ಬಾಯಿಗೆ ಬರುತ್ತಿತ್ತು.

ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಅವನೂ ಅವರ ಹತ್ತಿರವೇ ಕಲಿತವನು. ಬಿಸಿಲಿಗೆ ಕಾದ ಸೀಟಿನ ವಾಸನೆ, ಪೆಟ್ರೋಲಿನ ವಾಸನೆ, ಅದರ ಜೊತೆಗೆ ದೊಡ್ಡ ಮೇಷ್ಟ್ರ ಪಾದಗಳ ವಾಸನೆ. ಮೂರೂ ಸೇರಿ ಅವನ ಹರೆಯದ ವಾಸನೆಯೇ ಅದು. ಮುದುಕನಿಗೆ ಸೋಮಾರಿತನ ಅಂತ ಹುಡುಗರೆಲ್ಲ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು. ಒಂದು ಸಲ ಅವನು ಧೈರ್ಯ ಮಾಡಿ, ಹೀಗೆ ಯಾಕೆ ಕೂರುತ್ತೀರಿ ಅಂತ ಕೇಳಿಯೂ ಕೇಳಿದ್ದ.

"ನನ್ನ ಕಾಲು ನನ್ನ ಮಾತು ಕೇಳೋದಿಲ್ಲಪ್ಪಾ," ಅಂದಿದ್ದರು ಅವರು. "ಅದಕ್ಕೇ ಮಡಚಿಟ್ಟಿದೀನಿ."

ಅವನು ಅದನ್ನು ತಮಾಷೆ ಅಂದುಕೊಂಡ. ಅವರು ಕಾಲವಾದ ಮೇಲೆ ಡ್ರೈವಿಂಗ್ ಸ್ಕೂಲನ್ನು ತಾನೇ ವಹಿಸಿಕೊಂಡ. ಬಯಲು ಅದೇ, ಬೋರ್ಡು ಅದೇ, ಎರಡು ಬ್ರೇಕಿನ ಕಾರೂ ಅದೇ. ಕೂರುವ ರೀತಿ ಮಾತ್ರ ಬೇರೆಯಾಯಿತು. ಪಾಲಿಶ್ ಮಾಡಿದ ಶೂ ಹಾಕಿಕೊಂಡು, ಕಾಲು ಬ್ರೇಕಿನ ಹತ್ತಿರವೇ ಇಟ್ಟುಕೊಂಡು ಕೂರುತ್ತಿದ್ದ. ತನ್ನ ಕಾರಿಗೆ ಇಷ್ಟು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ ಅಂತ ಕಂಡಕಂಡವರ ಹತ್ತಿರ ಹೇಳಿಕೊಳ್ಳುತ್ತಿದ್ದ. ಜನ ಅವನನ್ನೂ ಮೇಷ್ಟ್ರೇ ಅನ್ನತೊಡಗಿದರು, ಅವನೂ ಉಬ್ಬಿದ.

ಒಂದೇ ಒಂದು ಕೊರಗು. ಅವನ ಹತ್ತಿರ ಹೂವಿನ ಹಾಗೆ ಕಾರು ಓಡಿಸುವವರು ಲೈಸೆನ್ಸ್ ಪರೀಕ್ಷೆಗೆ ಹೋದರೆ ಮುಗ್ಗರಿಸುತ್ತಿದ್ದರು. ಅಲ್ಲಿ ಕೊಡುವ ಕಾರು ಇಲಾಖೆಯದು, ಅದಕ್ಕೆ ಒಂದೇ ಬ್ರೇಕು. ಬಿಳಿ ಗೆರೆಯ ಮುಂದೆ ನಿಲ್ಲಬೇಕಾದವರು ಗೆರೆ ದಾಟಿ ನಿಲ್ಲುತ್ತಿದ್ದರು. ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು. ಪರೀಕ್ಷೆ ಅಂದರೆ ಹೆದರಿಕೆ, ಇನ್‌ಸ್ಪೆಕ್ಟರ್ ಮುಖ ಕಂಡರೆ ಕೈಕಾಲು ನಡುಗುತ್ತದೆ, ತಾನೇನು ಮಾಡಲಿ? ಪಾಪ, ಅವರೂ ಅದನ್ನೇ ನಂಬಿ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಹೇಗೋ ಪಾಸಾಗುತ್ತಿದ್ದರು.

ಕೊನೆಗೆ ಅವನ ಸ್ವಂತ ಅಕ್ಕನೇ ಕಲಿಯಲು ಬಂದಳು.

ಭಾವನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂದು, ಈಗ ಎದುರಿಗಿರುವವರ ನೆರಳಷ್ಟೇ ಕಾಣುತ್ತಿತ್ತು. ಭಾನುವಾರ ಬಂದರೆ ಅಕ್ಕನನ್ನು ಕೂರಿಸಿಕೊಂಡು ಕೆರೆಯ ದಂಡೆಗೆ ಕಾರು ಓಡಿಸುತ್ತಿದ್ದ ಮನುಷ್ಯ ಅವರು. ಆ ಕಾರು ಈಗ ಮನೆಯ ಮುಂದೆ ಬಟ್ಟೆ ಹೊದ್ದು ನಿಂತಿತ್ತು. ಕೊಳ್ಳುವವನೊಬ್ಬ ಬಂದು ಹೋದ ದಿನ ಭಾವ ಬಾನೆಟ್ಟಿನ ಮೇಲೆ ಸುಮ್ಮನೆ ಕೈ ಆಡಿಸುತ್ತ ನಿಂತಿದ್ದರು. ಅದನ್ನು ನೋಡಿದ ಅಕ್ಕ, ಐವತ್ತು ದಾಟಿದವಳು, ತಾನೇ ಓಡಿಸುತ್ತೇನೆ ಅಂತ ಸೆರಗು ಬಿಗಿದು ಹೊರಟಳು.

ತಮ್ಮನ ಹತ್ತಿರ ಅವಳು ಎಷ್ಟು ಚೆಂದ ಓಡಿಸುತ್ತಿದ್ದಳು! ಪರೀಕ್ಷೆಯಲ್ಲಿ ಎರಡು ಸಲ ಗೆರೆ ದಾಟಿದಳು. ಎರಡನೇ ಸಲ ಮನೆಗೆ ಬಂದವಳೇ ಇನ್ನೊಂದು ಸಲ ನೋಡುತ್ತೇನೆ, ಆಗಲಿಲ್ಲ ಅಂದರೆ ಕಾರು ಕೊಟ್ಟುಬಿಡೋಣ, ಈ ವಯಸ್ಸಿನಲ್ಲಿ ನಗೆಪಾಟಲಾಗಿದ್ದು ಸಾಕು ಅಂದಳು. ಅವನು ಯಥಾಪ್ರಕಾರ, ಅವಳಿಗೆ ಧೈರ್ಯ ಸಾಲದು ಅಂದ. ಅಕ್ಕ ಎದ್ದು ಒಳಗೆ ಹೋದಳು. ಚಿಕ್ಕಂದಿನಲ್ಲಿ ಕತ್ತಲಲ್ಲಿ ಅವನನ್ನು ಹಿತ್ತಲಿಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳಿಗೆ ಧೈರ್ಯ ಸಾಲದಂತೆ!

ಮಾರನೆಯ ದಿನ ಭಾವನೂ ಹೊರಟುಬಂದರು. ಮನೆಯಲ್ಲಿ ಬೇಜಾರು, ಹಿಂದಿನ ಸೀಟಿನಲ್ಲಿ ಕೂತಿರುತ್ತೇನೆ ಅಂದರು. ಅಕ್ಕ ಬಯಲಿನಲ್ಲಿ ನಾಲ್ಕು ಸುತ್ತು ಹೊಡೆದಳು, ಸುಣ್ಣದ ಗೆರೆಯ ಮುಂದೆ ಪ್ರತಿ ಸಲವೂ ಬೆಣ್ಣೆಯ ಹಾಗೆ ನಿಲ್ಲಿಸಿದಳು. ಅವನು ಶಭಾಷ್ ಅಂದ. ಹಿಂದಿನಿಂದ ಭಾವ ಮೆತ್ತಗೆ ಕೇಳಿದರು.

"ಅದೇನೋ ಅದು, ಕಾರು ನಿಲ್ಲೋ ಮುಂಚೆ ನಿನ್ನ ಕಡೆಯಿಂದ ಟಕ್ ಅನ್ನುತ್ತೆ?"

ಏನೂ ಇಲ್ಲ, ಹಳೇ ಕಾರು, ಏನಾದರೂ ಸಡಿಲವಾಗಿರಬೇಕು ಅಂದ. ಭಾವ ಬಿಡಲಿಲ್ಲ. ನಾಲ್ಕು ಸಲವೂ ಬಂತು, ಗೆರೆಯ ಹತ್ತಿರ ಮಾತ್ರ ಬಂತು ಅಂದರು. ಅವನಿಗೆ ಮೂಗಿನ ತುದಿಗೆ ಕೋಪ ಬಂತು. ಬ್ರೇಕು ಒತ್ತಿದರೆ ತನಗೆ ಗೊತ್ತಾಗುವುದಿಲ್ಲವೇ, ಕಾಲು ತನ್ನದಲ್ಲವೇ ಅಂದ. ಹಾಗೆ ಅಂದವನಿಗೆ ಕಾಲಿನ ಬಗ್ಗೆ ದೊಡ್ಡ ಮೇಷ್ಟ್ರು ಅಂದಿದ್ದ ಮಾತು ನೆನಪಾಯಿತು. ಬಗ್ಗಿ ಶೂ ಬಿಚ್ಚಿದ.

ಚಕ್ಕಳಮಕ್ಕಳ ಹಾಕುವುದು ಅವನ ಮಂಡಿಗೆ ಸುಲಭವಾಗಿರಲಿಲ್ಲ. ಅಯ್ಯಪ್ಪಾ ಅನ್ನುತ್ತ ಒಂದೊಂದೇ ಕಾಲು ಮೇಲೆಳೆದುಕೊಂಡು, ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟು, ಹೊರಡು ಅಂದ. ಅಕ್ಕ ಎಂದಿನಂತೆಯೇ ಬಂದಳು, ಎಂದಿನಂತೆಯೇ ಬ್ರೇಕಿನ ಮೇಲೆ ಕಾಲಿಟ್ಟಳು. ಕಾರು ಗೆರೆ ದಾಟಿ, ಇನ್ನೂ ಒಂದಾಳುದ್ದ ಮುಂದೆ ಹೋಗಿ ಮುಗ್ಗರಿಸಿ ನಿಂತಿತು.

ಅಕ್ಕ ಸ್ಟಿಯರಿಂಗ್ ಹಿಡಿದೇ ಇದ್ದಳು.

"ಇಷ್ಟು ದಿನ ನಾನೇ ನಿಲ್ಲಿಸ್ತಿದ್ದೆ ಅಂದ್ಕೊಂಡಿದ್ನಲ್ಲೋ," ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವನಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಅಕ್ಕ ಒಬ್ಬಳೇ ಅಲ್ಲ, ಇಷ್ಟು ವರ್ಷ ಮುಖ ಸಣ್ಣದು ಮಾಡಿಕೊಂಡು ಪರೀಕ್ಷೆಯಿಂದ ವಾಪಸು ಬಂದವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವರಿಗೆಲ್ಲ ಹೆದರುಪುಕ್ಕಲು ಅಂತ ಹೆಸರಿಟ್ಟು ಕೈ ತೊಳೆದುಕೊಂಡಿದ್ದ. ಹೆದರುತ್ತಿದ್ದದ್ದು ಯಾರು? ತಾನು, ತನ್ನ ಕಾಲು, ಗೀರು ಬೀಳದ ತನ್ನ ಕಾರು.

ದೊಡ್ಡ ಮೇಷ್ಟ್ರು ಅವತ್ತು ತಮಾಷೆ ಮಾಡಿರಲಿಲ್ಲ. ತಮ್ಮ ಕಾಲಿನ ಬುದ್ಧಿ ಅವರಿಗೆ ಗೊತ್ತಿತ್ತು. ಜನ ಸೋಮಾರಿ ಅನ್ನಲಿ, ಹುಡುಗರು ನಗಲಿ, ಅದನ್ನು ಮಡಚಿಟ್ಟುಕೊಂಡು ಕೂತಿದ್ದರು. ಅವರು ಇದ್ದಿದ್ದರೆ ಈಗಲೇ ಓಡಿಹೋಗಿ ಹೇಳುತ್ತಿದ್ದ. ಏನು ಹೇಳುತ್ತಿದ್ದನೋ ಅವನಿಗೇ ತಿಳಿಯದು. ಆ ಪಾದಗಳ ವಾಸನೆ ಮಾತ್ರ ಎಷ್ಟೋ ವರ್ಷದ ಮೇಲೆ ಕಾರಿನ ತುಂಬ ಬಂದ ಹಾಗಾಯಿತು.

ಅಂದಿನಿಂದ ಅಕ್ಕ ಮೊದಲಿನಿಂದ ಕಲಿತಳು. ಅವನೂ ಕಲಿತ ಅನ್ನಿ. ಮೊದಮೊದಲು ಅವಳು ಗೆರೆ ದಾಟಿದಳು, ಆಮೇಲೆ ಗೆರೆಗಿಂತ ಎಷ್ಟೋ ಹಿಂದೆ ನಿಂತಳು, ಒಂದು ಸಲ ಬೇಲಿಯ ಕಂಬಕ್ಕೆ ತಾಗಿಸಿದಳು. ಕಾರಿಗೆ ಕೊನೆಗೂ ಗೀರು ಬಿತ್ತು. ಅವನು ಇಳಿದು ಅದನ್ನು ಕೈಯಿಂದ ಸವರಿ, ಮತ್ತೆ ಬಂದು ಮಂಡಿ ಹಿಡಿದುಕೊಂಡು ಚಕ್ಕಳಮಕ್ಕಳ ಕೂತ. ಹಿಂದಿನ ಸೀಟಿನಲ್ಲಿ ಭಾವ ಕಿಟಕಿಗೆ ಕಿವಿ ಕೊಟ್ಟು, ಈಗ ಸರಿ ಹೋಯಿತು ಅನ್ನುತ್ತಿದ್ದರು.

ಪರೀಕ್ಷೆಯ ದಿನ ಅಕ್ಕ ಇಲಾಖೆಯ ಕಾರು ಹತ್ತಿದಳು. ಅವನೂ ಭಾವನೂ ತಂತಿಬೇಲಿಯ ಈಚೆ ನಿಂತರು. ಕಾರು ಹೊರಟಿತು, ತಿರುವು ದಾಟಿತು. ಅವನು ಕಂಡದ್ದನ್ನೆಲ್ಲ ಭಾವನಿಗೆ ಹೇಳುತ್ತ ಬಂದ. ಬಿಳಿ ಗೆರೆ ಹತ್ತಿರ ಬರುತ್ತಿದ್ದ ಹಾಗೆ ಮಾತು ನಿಂತಿತು. ಭಾವ ಅವನ ಭುಜ ಹಿಡಿದರು.

"ಯಾಕೋ, ಮೈಯೆಲ್ಲ ಬಿಗಿ ಆಗಿದೆ?"

ಅವನು ಕೆಳಗೆ ನೋಡಿಕೊಂಡ. ಬಲಗಾಲು ನೆಲವನ್ನು ಒತ್ತುತ್ತಿತ್ತು. ಶೂವಿನ ಮುಂಭಾಗ ಮಣ್ಣಿನಲ್ಲಿ ಹೂತುಹೋಗಿತ್ತು. ಅವನು ಹಿಂದೆಮುಂದೆ ನೋಡದೆ, ಇಸ್ತ್ರಿ ಪ್ಯಾಂಟಿನ ಸಮೇತ ಆ ಧೂಳಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಅಲ್ಲಿಂದ ಅವನಿಗೆ ಬೇಲಿಯ ಬುಡದ ಹುಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಭಾವನಿಗಂತೂ ಕಾಣುವ ಹಾಗೇ ಇರಲಿಲ್ಲ. ಇಬ್ಬರೂ ಕಿವಿಗೊಟ್ಟು ಕೇಳಿದರು. ಇಂಜಿನ್ನಿನ ಸದ್ದು ಇಳಿಯಿತು, ಇನ್ನೂ ಇಳಿಯಿತು, ಒಂದೇ ಸಮನಾಯಿತು.

"ನಿಂತಳು," ಅಂದರು ಭಾವ. "ಅವಳೇ ನಿಲ್ಲಿಸಿದಳು."

ಸ್ವಲ್ಪ ಹೊತ್ತಿಗೆ ಅಕ್ಕ ಬೇಲಿಯ ಹತ್ತಿರ ಬಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಕೇಳಬೇಕಾದ್ದೇ ಇರಲಿಲ್ಲ. ಧೂಳಿನಲ್ಲಿ ಕೂತ ತಮ್ಮನನ್ನು ಕಂಡು, ಇದೇನೋ ಅವತಾರ, ಏಳೋ ಮೇಲೆ ಅಂದಳು. ಅವನು ಏಳಲು ನೋಡಿದ, ಮಂಡಿ ಹಿಡಿದುಕೊಂಡಿತ್ತು. ಕೈ ಚಾಚಿದ.

"ದೊಡ್ಡ ಮೇಷ್ಟ್ರು ಹೀಗೇ ಕೂರ್ತಿದ್ರು ಕಣಕ್ಕಾ," ಅಂದ.

ಅಕ್ಕ ಕೈ ಹಿಡಿದು ಎಬ್ಬಿಸಿದಳು. ಮುಂದಿನ ಭಾನುವಾರ ಕೆರೆಯ ದಂಡೆಗೆ ಹೋಗುವಾಗ ಅವನನ್ನೂ ಕರೆದರು. ಅವನು ಹಿಂದಿನ ಸೀಟಿನಲ್ಲಿ ಕೂತ, ಶೂ ಮನೆಯಲ್ಲೇ ಬಿಟ್ಟು.