ಕಡ್ಡಿಗೆ ಸಿಕ್ಕದ ಕಾರ್ಡು

ಇದನ್ನು ಹೇಳಲು ಹೊರಟಿದ್ದಕ್ಕೆ ಓದುಗರು ಕ್ಷಮಿಸಬೇಕು. ಸಂಜೆ ಶಾಲೆಯಲ್ಲಿ ಓದಿ ಕ್ಷಯರೋಗದ ಚಿಕಿತ್ಸಾಲಯವೊಂದರ ಗುಮಾಸ್ತನಾದವನು ನಾನು. ಕಥೆ ಬರೆಯುವ ಯೋಗ್ಯತೆ ಇದೆಯೋ ಇಲ್ಲವೋ. ಆದರೆ ತಪ್ಪು ಮಾಡಿದವನು ನಾನೇ.

೧೯೬೪ರಲ್ಲಿ ಚಿಂತಾಮಣಿಯ ನಮ್ಮ ಚಿಕಿತ್ಸಾಲಯಕ್ಕೆ ಹೊಸ ಬಗೆಯ ಕಾರ್ಡುಗಳು ಬಂದವು. ರೋಗಿಗೊಂದು ಕಾರ್ಡು, ಅದರ ಅಂಚಿನಲ್ಲಿ ತಿಂಗಳಿಗೊಂದು ತೂತು. ರೋಗಿ ಮಾತ್ರೆ ಒಯ್ದರೆ ಆ ತಿಂಗಳ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ತಿಂಗಳ ಕೊನೆಗೆ ಕಾರ್ಡುಗಳನ್ನೆಲ್ಲ ಜೋಡಿಸಿ, ಆ ತೂತಿಗೆ ಉಕ್ಕಿನ ಕಡ್ಡಿ ತೂರಿಸಿ ಎತ್ತಿದರೆ ಬಂದವರವು ಉದುರುತ್ತವೆ, ಬಾರದವರವು ನೇತಾಡುತ್ತವೆ. ಬಾರದವರಿಗೆ ಅಂಚೆ ಕಾಗದ ಹಾಕುತ್ತಿದ್ದೆವು. ನಡುವೆ ಔಷಧಿ ಬಿಟ್ಟಿದ್ದ ಎಷ್ಟೋ ಜನ ಹಿಂದಿರುಗಿದರು.

"ನನಗಿಂತ ಈ ಕಡ್ಡಿಗೇ ಜಾಸ್ತಿ ಗೊತ್ತಾಗತ್ತೆ ಕಣಯ್ಯ ಪಿಳ್ಳಪ್ಪ," ಎನ್ನುತ್ತಿದ್ದರು ಡಾಕ್ಟರು.

ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಅಶ್ವತ್ಥಮ್ಮ ಬರುತ್ತಿದ್ದಳು. ಹೊಸದಾಗಿ ಮದುವೆಯಾದವಳು. ಗಂಡನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು.

"ಅಣ್ಣ, ಮನೆಗೆ ಕಾಗ್ದ ಹಾಕ್ಬೇಡಪ್ಪ," ಎಂದಳು. "ಅಂಚೆಯವ್ನು ಜಗುಲಿ ಮೇಲೆ ಕೂತು ಊರಿಗೆಲ್ಲಾ ಕೇಳೋ ಹಂಗೆ ಓದ್ತಾನೆ. ಈ ಕಾಯಿಲೆ ಅಂದ್ರೆ ಅತ್ತೆ ಹುಳದ ಮನೆ ಹೊಸಲು ದಾಟಕ್ಕೂ ಬಿಡಲ್ಲ. ಹುಳ ಸತ್ರೆ ನನ್ನಿಂದ್ಲೇ ಅಂತಾಳೆ."

"ತಿಂಗ್ಳು ತಿಂಗ್ಳು ಬಂದ್ರೆ ಕಾಗ್ದ ಯಾಕ್ ಬರತ್ತಮ್ಮ?"

"ಇಲ್ಲಿಗೆ ಬರಕ್ಕೆ ಅತ್ತೆ ಹತ್ರ ಅಕ್ಕನ ಮಗೀಗೆ ಹುಷಾರಿಲ್ಲ ಅಂತ ಎಷ್ಟು ಸಲ ಸುಳ್ಳು ಹೇಳ್ಳಿ? ಆ ಮಗು ನನಗಿಂತ ಗಟ್ಟಿಗೈತೆ!" ಎಂದು ನಕ್ಕಳು. ನಗು ಕೆಮ್ಮಿನಲ್ಲಿ ನಿಂತಿತು.

ಆಷಾಢದಲ್ಲಿ ಅವಳು ಬರಲಿಲ್ಲ. ಹುಳದ ಕೆಲಸವಿರಬಹುದು, ಮುಂದಿನ ವಾರ ಬಂದಾಳು ಎಂದುಕೊಂಡೆ. ಮನೆಗೆ ಕಾಗದ ಹೋಗದಿರಲೆಂದು, ನೇತಾಡುತ್ತಿದ್ದ ಅವಳ ಕಾರ್ಡನ್ನು ತೆಗೆದು ತೂತು ಕತ್ತರಿಸಿಬಿಟ್ಟೆ. ಶ್ರಾವಣದಲ್ಲೂ ಬರಲಿಲ್ಲ, ಮತ್ತೆ ಕತ್ತರಿಸಿದೆ. ಭಾದ್ರಪದದಲ್ಲೂ ಕತ್ತರಿಸಿದೆ; ಈಗ ಹೇಳಿದರೆ ಹಿಂದಿನ ಎರಡಕ್ಕೆ ಏನೆನ್ನಲಿ? ಕತ್ತರಿಸಿದ ಕಾಗದ ಕೂಡುವುದಿಲ್ಲ.

ಡಾಕ್ಟರು ಕ್ರಮ ತಪ್ಪದವರ ಪಟ್ಟಿ ಮಾಡಿದರು. "ನೋಡಯ್ಯ, ಈ ಅಶ್ವತ್ಥಮ್ಮ, ಹಳ್ಳಿ ಹೆಂಗಸು, ಒಂದು ತಿಂಗಳೂ ತಪ್ಪಿಸಿಲ್ಲ."

"ಹೌದು ಸಾರ್," ಎಂದೆ.

ಭಾನುವಾರ ಅವಳ ಹಳ್ಳಿಗೆ ಬಸ್ಸು ಹತ್ತಿದೆ. ಅವಳ ಅತ್ತೆ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

"ಯಾರಪ್ಪಾ? ರೇಷ್ಮೆಗೂಡಿನ ಯಾಪಾರಾನಾ?"

"ಹೂಂ," ಎಂದುಬಿಟ್ಟೆ. "ಸೊಸೆ ಇಲ್ವಾಮ್ಮ?"

ಕತ್ತಿ ನಿಂತಿತು. "ಸೊಸೆ ಹತ್ರ ನಿಂಗೇನು ಯಾಪಾರ? ಆಷಾಢಕ್ಕೆ ತವರಿಗೆ ಹೋದವ್ಳು ಇನ್ನೂ ಬಂದಿಲ್ಲ."

ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುತ್ತಾಳೆಂಬುದು ನನಗೆ ಯಾಕೆ ಹೊಳೆಯಲಿಲ್ಲ?

"ತವರು ಯಾವೂರು?"

"ಎಂದುಕಯ್ಯಾ ನೀಕು?" ನಿನಗ್ಯಾಕೆ ಎಂದು ತೆಲುಗಿನಲ್ಲಿ ಗದರಿದಳು.

ನಾನು ಯಾರೆಂದು ಹೇಳಿದರೆ ಅಶ್ವತ್ಥಮ್ಮನ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ಊರು ತಿಳಿಯುವುದಿಲ್ಲ.

"ಗೂಡು ನೋಡ್ತೀಯೋ, ಹಿಂಗೇ ನಿಂತಿರ್ತೀಯೋ?"

ಒಳಗೆ ಹೋಗಿ ನಾಲ್ಕು ಗೂಡು ಹಿಸುಕಿ ನೋಡಿದೆ. ಬಂದುಬಿಟ್ಟೆ.

ಮರುದಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಕಾರ್ಡನ್ನು ತಿರುಗಿಸಿ ನೋಡಿದರು. ತವರೂರನ್ನು ಕೇಳಿ ಬರೆಯುವ ಜಾಗವೇ ಅದರಲ್ಲಿರಲಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಆಸ್ಪತ್ರೆಗಳಿಗೆ ಪತ್ರ ಬರೆದರು. ಅಲ್ಲಿ ಆ ಹೆಸರಿನ ಏಳು ಮಂದಿ ರೋಗಿಗಳಿದ್ದರು, ಅವಳಿರಲಿಲ್ಲ.

ಕಾಯಿಲೆ ತಿಳಿದೇ ಅತ್ತೆ ಅವಳನ್ನು ತವರಿನಲ್ಲಿ ಬಿಟ್ಟಿದ್ದಳೋ ಏನೋ. ಆಷಾಢದಲ್ಲೇ ನಾನು ಬಾಯಿಬಿಟ್ಟಿದ್ದರೆ ಅವಳು ಸಿಗುತ್ತಿದ್ದಳೇ, ಹೇಳಲಾರೆ. ಅಶ್ವತ್ಥಮ್ಮ ಆಮೇಲೆ ಮಾತ್ರೆ ತೆಗೆದುಕೊಂಡಳೇ, ಬದುಕಿದಳೇ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.